ಬಾನೆಟ್ ಎತ್ತಿದಾಗ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು 'ಯಾವ ಕಾರು ಕೊಳ್ಳಲಿ?' ಎಂಬ ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಮಾತುಗಳಲ್ಲಿ ಕೇಳಿವೆ. ಅದಕ್ಕೆ ಉತ್ತರಿಸಲು ನಾನು ಮಾರಾಟಗಾರನೂ ಅಲ್ಲ, ನಿಮ್ಮ ಸಾಲದ ಕಂತು ಕಟ್ಟುವವನೂ ಅಲ್ಲ. ಉಳಿದ ಪತ್ರಗಳಲ್ಲಿ ಎಂಜಿನ್, ವಿನ್ಯಾಸ ಮತ್ತು ರೇಸಿನ ಬಗ್ಗೆ ಕುತೂಹಲದಿಂದ ಬರೆದ ಕೆಲವನ್ನು ಇಲ್ಲಿ ಆರಿಸಿಕೊಂಡಿದ್ದೇನೆ.

ಪ್ರಶ್ನೆ: ನಮ್ಮ ಹದಿನಾಲ್ಕು ವರ್ಷದ ಹಳೆಯ ಕಾರಿನಲ್ಲಿ ನಾಲ್ಕು ಸಿಲಿಂಡರಿನ ಎಂಜಿನ್ ಇದೆ. ಈಗ ಅದಕ್ಕಿಂತ ದುಬಾರಿ ಕಾರುಗಳನ್ನು ನೋಡಲು ಹೋದರೂ ಮೂರೇ ಸಿಲಿಂಡರ್ ಎನ್ನುತ್ತಾರೆ. ಸಿಗ್ನಲ್ಲಿನಲ್ಲಿ ನಿಂತಾಗ ಸೀಟು ಸಣ್ಣಗೆ ನಡುಗುವುದು ನನಗೆ ಗೊತ್ತಾಗುತ್ತದೆ. ಖರ್ಚು ಉಳಿಸಲು ಕಂಪನಿಗಳು ನಮ್ಮ ಒಂದು ಸಿಲಿಂಡರನ್ನು ನುಂಗಿಹಾಕಿವೆಯೇ?
— ಬ್ಯಾಂಕ್ ಉದ್ಯೋಗಿ, ದಾವಣಗೆರೆ

ಉತ್ತರ: ಖರ್ಚು ಉಳಿದಿರುವುದು ನಿಜ, ಆದರೆ ನುಂಗಿದ್ದು ಅಷ್ಟಕ್ಕೇ ಅಲ್ಲ. ಮೂರು ಸಿಲಿಂಡರ್ ನಮಗೆ ಹೊಸದೂ ಅಲ್ಲ. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದ ಮಾರುತಿ 800ರ 796 ಸಿಸಿ ಎಂಜಿನ್ನಿನಲ್ಲಿ ಇದ್ದದ್ದು ಮೂರೇ ಸಿಲಿಂಡರ್, ಮತ್ತು ಈ ದೇಶದ ಒಂದೆರಡು ತಲೆಮಾರು ಕ್ಲಚ್ ಬಿಡುವುದನ್ನು ಕಲಿತದ್ದೇ ಅದರ ಮೇಲೆ.

ನಿಮ್ಮ ಸೀಟಿಗೆ ಬರುವ ನಡುಕಕ್ಕೆ ಎರಡು ಮೂಲಗಳಿವೆ. ನಾಲ್ಕು ಸ್ಟ್ರೋಕಿನ ಎಂಜಿನ್ನಿನಲ್ಲಿ ಪ್ರತಿ ಸಿಲಿಂಡರೂ ಕ್ರ್ಯಾಂಕ್ (ಪಿಸ್ಟನ್ನಿನ ಏರಿಳಿತವನ್ನು ಸುತ್ತಾಗಿಸುವ ದಂಡ) ಎರಡು ಸುತ್ತು, ಅಂದರೆ 720 ಡಿಗ್ರಿ, ತಿರುಗುವಷ್ಟರಲ್ಲಿ ಒಮ್ಮೆ ಮಾತ್ರ ಉರಿದು ತಳ್ಳುತ್ತದೆ. ನಾಲ್ಕು ಸಿಲಿಂಡರಿದ್ದರೆ ಪ್ರತಿ 180 ಡಿಗ್ರಿಗೆ ಒಂದು ತಳ್ಳು ಸಿಗುತ್ತದೆ; ಒಬ್ಬನ ಒನಕೆ ಒರಳಿಗೆ ಬಿದ್ದ ಕ್ಷಣಕ್ಕೆ ಇನ್ನೊಬ್ಬನ ಒನಕೆ ಹೊರಟಿರುತ್ತದೆ. ಮೂರಿದ್ದರೆ ಆ ಅಂತರ 240 ಡಿಗ್ರಿಗೆ ಏರುತ್ತದೆ, ಆದರೆ ಒಂದು ತಳ್ಳಿನ ಆಯುಸ್ಸು 180 ಡಿಗ್ರಿಗಿಂತ ಹೆಚ್ಚಿಲ್ಲದ ಕಾರಣ ನಡುವಿನ 60 ಡಿಗ್ರಿಯಲ್ಲಿ ಯಾರೂ ತಳ್ಳುತ್ತಿರುವುದಿಲ್ಲ, ಕ್ರ್ಯಾಂಕಿನ ತುದಿಯ ಭಾರವಾದ ಚಕ್ರ, ಅಂದರೆ ಫ್ಲೈವೀಲ್, ತನ್ನ ಹಿಂದಿನ ಓಟದಲ್ಲೇ ಎಂಜಿನ್ನನ್ನು ಎಳೆದುಕೊಂಡು ಹೋಗುತ್ತದೆ. ನಿಧಾನವಾಗಿ ತಿರುಗುವಾಗ, ಅದರಲ್ಲೂ ಎಸಿ ಹಾಕಿಕೊಂಡು ಸಿಗ್ನಲ್ಲಿನಲ್ಲಿ ನಿಂತಾಗ, ಈ ಬಿಡುವು ಮೈಗೆ ತಿಳಿಯುತ್ತದೆ. ಎರಡನೆಯ ಮೂಲ ಇನ್ನೂ ಸ್ವಾರಸ್ಯದ್ದು. ಮೂರು ಪಿಸ್ಟನ್ನುಗಳ ಮೇಲೆ ಕೆಳಗಿನ ಬಲಗಳು ಕೂಡಿದಾಗ ಸೊನ್ನೆಯಾಗುತ್ತವೆ. ಆದರೆ ಅವು ಸಾಲಾಗಿ ಕುಳಿತಿರುವುದರಿಂದ ಎಂಜಿನ್ನಿನ ಒಂದು ತುದಿ ಏಳುವಾಗ ಇನ್ನೊಂದು ತುದಿ ಇಳಿಯುತ್ತದೆ, ಇಡೀ ಎಂಜಿನ್ ತಕ್ಕಡಿಯ ದಂಡಿಯಂತೆ ತೂಗುತ್ತದೆ. ಇದನ್ನು ಅಡಗಿಸಲು ಕೆಲವರು ಎದುರು ದಿಕ್ಕಿನಲ್ಲಿ ತಿರುಗುವ ಬ್ಯಾಲೆನ್ಸ್ ಶಾಫ್ಟ್ ಹಾಕುತ್ತಾರೆ, ಕೆಲವರು ಫ್ಲೈವೀಲಿನಲ್ಲೂ ಮುಂದಿನ ಪುಲ್ಲಿಯಲ್ಲೂ ಬೇಕೆಂದೇ ಒಂದು ಬದಿಗೆ ತೂಕ ಕೂರಿಸುತ್ತಾರೆ, ಇನ್ನು ಕೆಲವರು ಎಂಜಿನ್ ಕುಳಿತಿರುವ ಒಳ್ಳೆಯ ಮೌಂಟಿಂಗ್ ರಬ್ಬರಿಗೆ ಎಲ್ಲವನ್ನೂ ವಹಿಸಿ ಸುಮ್ಮನಾಗುತ್ತಾರೆ. ನಿಮ್ಮ ನಡುಕ ಎಷ್ಟೆಂಬುದು ಇವರಲ್ಲಿ ಯಾರ ಕಾರನ್ನು ನೀವು ನೋಡಿದಿರಿ ಎಂಬುದರ ಮೇಲಿದೆ.

ನಾಲ್ಕು ಸಿಲಿಂಡರನ್ನು ಸಂತನೆಂದು ತಿಳಿಯಬೇಡಿ. ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡಿನ ಓರೆಯಿಂದಾಗಿ ಪಿಸ್ಟನ್ ತನ್ನ ದಾರಿಯ ಮೇಲರ್ಧವನ್ನು ಕೆಳಗಿನ ಅರ್ಧಕ್ಕಿಂತ ಬೇಗ ದಾಟುತ್ತದೆ. ಈ ವ್ಯತ್ಯಾಸ ಕ್ರ್ಯಾಂಕಿನ ವೇಗಕ್ಕಿಂತ ಎರಡು ಪಟ್ಟು ವೇಗದ ಒಂದು ಗುಂಯ್‌ಗುಡುವಿಕೆಯನ್ನು ಹುಟ್ಟಿಸುತ್ತದೆ. ಹೆದ್ದಾರಿಯಲ್ಲಿ ದೂರ ಓಡಿಸಿದವರ ಅಂಗೈ ಜೋಮು ಹಿಡಿಯುವುದಕ್ಕೆ ಅದೂ ಒಂದು ಕಾರಣ. ಇವೆರಡೂ ಕಾಟವಿಲ್ಲದ್ದು ಸಾಲಾಗಿ ಆರು ಸಿಲಿಂಡರಿರುವ ಎಂಜಿನ್. ಅದನ್ನು ಒಮ್ಮೆ ಓಡಿಸಿದವರ ಬಾಯಿಂದ ಬೇರೆ ಯಾವ ಎಂಜಿನ್ನಿನ ಹೊಗಳಿಕೆಯೂ ಸುಲಭವಾಗಿ ಹೊರಡದು.

ಹಾಗಿದ್ದರೂ ಮೂರನ್ನೇ ಏಕೆ ಆರಿಸುತ್ತಾರೆ? ಉಜ್ಜುವ ಭಾಗಗಳು ಕಡಿಮೆ, ಆದ್ದರಿಂದ ಘರ್ಷಣೆಯಲ್ಲಿ ಪೋಲಾಗುವ ಇಂಧನವೂ ಕಡಿಮೆ. 1200 ಸಿಸಿಯನ್ನು ಮೂರು ಪಾಲು ಮಾಡಿದರೆ ಪ್ರತಿ ಸಿಲಿಂಡರಿಗೆ 400 ಸಿಸಿ ಬರುತ್ತದೆ. ನಾಲ್ಕು ಪುಟ್ಟ ಸಿಲಿಂಡರುಗಳಲ್ಲಿ ಹರಡುವುದಕ್ಕಿಂತ ಇದರಲ್ಲಿ ಗೋಡೆಗೆ ಸೋರಿಹೋಗುವ ಶಾಖ ಕಡಿಮೆ. ಎಂಜಿನ್ ಗಿಡ್ಡವೂ ಹಗುರವೂ ಆಗುತ್ತದೆ. ಇನ್ನು 1200ರ ಈ ಗೆರೆ ಎಳೆದವರು ಎಂಜಿನಿಯರುಗಳಲ್ಲ. 2006ರ ಕೇಂದ್ರ ಬಜೆಟ್ಟಿನಲ್ಲಿ 4 ಮೀಟರ್ ಉದ್ದವನ್ನೂ, ಪೆಟ್ರೋಲಾದರೆ 1200 ಮತ್ತು ಡೀಸೆಲಾದರೆ 1500 ಸಿಸಿಯನ್ನೂ ಮೀರದ ಕಾರುಗಳಿಗೆ ಸುಂಕ ಇಳಿಸಲಾಯಿತು. 2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ಜಿಎಸ್‌ಟಿ ದರಗಳಲ್ಲೂ ಅದೇ ಗೆರೆ ಉಳಿದಿದೆ: ಈಚೆಗೆ ಶೇ. 18, ಆಚೆಗೆ ಶೇ. 40.

ಟೆಸ್ಟ್ ಡ್ರೈವಿಗೆ ಹೋದಾಗ ಎರಡು ಕೆಲಸ ಮಾಡಿ. ಎಸಿ ಹಾಕಿ, ಗಾಡಿ ನ್ಯೂಟ್ರಲ್ಲಿನಲ್ಲಿ ನಿಂತಿರುವಾಗ ಒಳಗಿನ ಕನ್ನಡಿಯಲ್ಲಿ ಹಿಂದಿನ ವಾಹನದ ನಂಬರ್ ಪ್ಲೇಟನ್ನು ಓದಲು ನೋಡಿ. ಅಕ್ಷರಗಳು ಕದಡಿದರೆ ಆ ಕಾರಿನ ಮೌಂಟಿಂಗ್ ಬಗ್ಗೆ ಮಾರಾಟಗಾರನ ಮಾತನ್ನು ಕೇಳಬೇಕಾಗಿಲ್ಲ. ಆಮೇಲೆ ನಾಲ್ಕು ಜನರನ್ನು ಕೂರಿಸಿಕೊಂಡು ಒಂದು ಏರಿನಲ್ಲಿ ಮೂರನೇ ಗೇರು, 30 ಕಿ.ಮೀ. ವೇಗದಿಂದ ಆಕ್ಸಿಲರೇಟರ್ ಒತ್ತಿ. ನಾವು ಪಿಕಪ್ ಎನ್ನುವುದು ಅಲ್ಲಿ ಗೊತ್ತಾಗುತ್ತದೆಯೇ ಹೊರತು ಕರಪತ್ರದ ಗರಿಷ್ಠ ಶಕ್ತಿಯ ಅಂಕಿಯಲ್ಲಿ ಅಲ್ಲ.

ಪ್ರಶ್ನೆ: ಟರ್ಬೊ ಪೆಟ್ರೋಲ್ ಕಾರು ಕೊಂಡಿದ್ದೇನೆ. ಘಾಟಿ ಹತ್ತಿ ನಿಲ್ಲಿಸುವಾಗ ಎಂಜಿನ್ನನ್ನು ಕೂಡಲೇ ಆಫ್ ಮಾಡಬಾರದು ಎನ್ನುತ್ತಾರೆ. ಇದು ಹಳೆಯ ಲಾರಿ ಡ್ರೈವರುಗಳ ನಂಬಿಕೆಯೋ, ನಿಜವೋ?
— ಕಾಫಿ ಬೆಳೆಗಾರ, ಮೂಡಿಗೆರೆ

ಉತ್ತರ: ಲಾರಿ ಡ್ರೈವರುಗಳ ನಂಬಿಕೆಗಳಲ್ಲಿ ಹತ್ತಕ್ಕೆ ಎಂಟು ನಿಜವೆಂಬುದು ನನ್ನ ಅನುಭವ, ಇದೂ ಆ ಎಂಟರಲ್ಲಿ ಒಂದು. ಎಂಜಿನ್ನಿಗೆ ಹೆಚ್ಚು ಗಾಳಿ ತುರುಕುವ ಟರ್ಬೊದ ಪುಟ್ಟ ಚಕ್ರ ಹೊಗೆಯ ಬಿಸಿ ರಭಸದಿಂದ ನಿಮಿಷಕ್ಕೆ ಲಕ್ಷಕ್ಕೂ ಮೀರಿ ಸುತ್ತು ಹೊಡೆಯುತ್ತದೆ, ಮತ್ತು ಅದರ ಶಾಫ್ಟು ನಿಂತಿರುವುದು ಆಯಿಲಿನ ಒಂದು ತೆಳು ಪದರದ ಮೇಲೆ. ಚಾರ್ಮಾಡಿಯನ್ನು ಒಂದೇ ಉಸಿರಿಗೆ ಹತ್ತಿ, ಕೊಟ್ಟಿಗೆಹಾರದಲ್ಲಿ ನೀರುದೋಸೆಯ ಆಸೆಗೆ ತಟಕ್ಕನೆ ಎಂಜಿನ್ ಆಫ್ ಮಾಡಿದರೆ ಆಯಿಲ್ ಹರಿಯುವುದು ನಿಲ್ಲುತ್ತದೆ, ಕಾದ ಲೋಹ ಮಾತ್ರ ಹಾಗೆಯೇ ಇರುತ್ತದೆ; ಒಳಗುಳಿದ ಆಯಿಲ್ ತಳ ಹಿಡಿದ ಪಾಯಸದಂತೆ ಕರಕಾಗಿ ಅಂಟಿಕೊಳ್ಳುತ್ತದೆ. ಆಫ್ ಮಾಡುವ ಮೊದಲು ಒಂದು ನಿಮಿಷ ಐಡಲ್ ಬಿಟ್ಟರೆ, ಅಂದರೆ ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡಲು ಬಿಟ್ಟರೆ, ಸಾಕು. ಈಚಿನ ಅನೇಕ ಟರ್ಬೊಗಳಿಗೆ ನೀರಿನ ತಂಪೂ ಇರುವುದರಿಂದ ಭಯ ಮೊದಲಿನಷ್ಟಿಲ್ಲ, ಪೇಟೆಯೊಳಗೆ ನಿಧಾನವಾಗಿ ಬಂದು ಮನೆ ಮುಂದೆ ನಿಲ್ಲಿಸುವಾಗ ಕಾಯುವ ಅಗತ್ಯವೂ ಇಲ್ಲ. ಆದರೆ ಕಂಪನಿ ಹೇಳಿದ ದರ್ಜೆಯ ಆಯಿಲನ್ನೇ ಹೇಳಿದ ಅವಧಿಯೊಳಗೆ ಬದಲಿಸದೆ, ಐಡಲ್ ಮಾತ್ರ ಭಕ್ತಿಯಿಂದ ಬಿಟ್ಟರೆ ಪ್ರಯೋಜನವಿಲ್ಲ.

ಪ್ರಶ್ನೆ: ಎಥನಾಲ್ ಬೆರೆಸಿದ ಪೆಟ್ರೋಲಿನಿಂದ ಮೈಲೇಜ್ ನಿಜಕ್ಕೂ ಇಳಿಯುತ್ತದೆಯೇ?
— ಟ್ಯಾಕ್ಸಿ ಮಾಲೀಕರು, ಹಾಸನ

ಉತ್ತರ: ಇಳಿಯುತ್ತದೆ. ಒಂದು ಲೀಟರ್ ಎಥನಾಲ್‌ನಲ್ಲಿರುವ ಶಕ್ತಿ ಪೆಟ್ರೋಲಿನದರ ಸುಮಾರು ಮೂರನೇ ಎರಡು ಪಾಲು. ಶೇ. 20 ಬೆರೆತರೆ ಒಟ್ಟು ಶಕ್ತಿ ಶೇ. 93ಕ್ಕೆ ಬರುತ್ತದೆ, ಅಂದರೆ ಶುದ್ಧ ಪೆಟ್ರೋಲಿನಲ್ಲಿ ಲೀಟರಿಗೆ 18 ಕಿ.ಮೀ. ಕೊಡುತ್ತಿದ್ದ ಗಾಡಿ ಲೆಕ್ಕದ ಪ್ರಕಾರ 16.7ರ ಆಸುಪಾಸಿಗೆ ಇಳಿಯಬೇಕು. ಎಥನಾಲ್‌ನ ಆಕ್ಟೇನ್, ಅಂದರೆ ಒತ್ತಿದಾಗ ತಾನಾಗಿ ಹೊತ್ತಿಕೊಳ್ಳದೆ ತಾಳುವ ಗುಣ, ಹೆಚ್ಚು, ಆದ್ದರಿಂದ ಅದಕ್ಕೆಂದೇ ಹೆಚ್ಚು ಕಂಪ್ರೆಷನ್ನಿನಲ್ಲಿ ರೂಪಿಸಿದ ಎಂಜಿನ್ ಈ ನಷ್ಟದಲ್ಲಿ ಸ್ವಲ್ಪವನ್ನು ಮರಳಿ ಪಡೆಯುತ್ತದೆ. ಹಳೆಯ ಎಂಜಿನ್ನಿಗೆ ಆ ಲಾಭವಿಲ್ಲ. ನನ್ನ ಬಳಿ ಇರುವ ಹಳೆಯ ಪ್ರೀಮಿಯರ್ ಪದ್ಮಿನಿಯ ಪೆಟ್ರೋಲ್ ಪೈಪನ್ನು ಬೆರಳಲ್ಲಿ ಒತ್ತಿ ನೋಡಿದಾಗ ಅದು ನೆನೆದ ಚರ್ಮದಂತೆ ಮೆತ್ತಗಾಗಿತ್ತು. ಎಲ್ಲ ರಬ್ಬರ್ ಪೈಪುಗಳನ್ನೂ ಎಥನಾಲ್ ತಾಳುವಂಥವಕ್ಕೆ ಬದಲಿಸಿದ ಮೇಲೆ ನೆಮ್ಮದಿಯಾಯಿತು. ಹಳೆಯ ಗಾಡಿ ಇಟ್ಟುಕೊಂಡವರು ತಿಂಗಳಿಗೊಮ್ಮೆ ಹೀಗೆ ಒತ್ತಿ ನೋಡುವುದು ಒಳ್ಳೆಯದು.

ಪ್ರಶ್ನೆ: ನಮ್ಮ ಕಾಲದ ಅಂಬಾಸಿಡರ್, ಫಿಯೆಟ್ ಕಾರುಗಳಿಗೆ ಒಂದು ಸೌಮ್ಯ ಮುಖವಿತ್ತು. ಈಗಿನವು ಹುಬ್ಬು ಗಂಟಿಕ್ಕಿಕೊಂಡು ಜಗಳಕ್ಕೆ ಬಂದಂತೆ ಕಾಣುತ್ತವೆ, ಒಳಗೆ ಕುಳಿತರೆ ಬಾವಿಯಲ್ಲಿ ಕುಳಿತಂತೆ. ಇದು ನನ್ನ ವಯಸ್ಸಿನ ದೋಷವೇ?
— ನಿವೃತ್ತ ಶಿಕ್ಷಕಿ, ಧಾರವಾಡ

ಉತ್ತರ: ಅಮ್ಮ, ದೋಷ ನಿಮ್ಮ ಕಣ್ಣಿನದಲ್ಲ. ಆ ಬಾವಿಯನ್ನು ತೋಡಿದ್ದು ಒಂದಿಷ್ಟು ಸುರಕ್ಷತೆಯ ನಿಯಮ, ಒಂದಿಷ್ಟು ಫ್ಯಾಷನ್. ಪಾದಚಾರಿಗೆ ಕಾರು ಬಡಿದಾಗ ಅವನ ತಲೆ ಬಾನೆಟ್ಟಿನ ಮೇಲೆ ಬೀಳುತ್ತದೆ. ಬಾನೆಟ್ಟಿನ ತಗಡು ಬಗ್ಗಲು ಅದಕ್ಕೂ ಕೆಳಗಿನ ಗಟ್ಟಿ ಎಂಜಿನ್ನಿಗೂ ನಡುವೆ ಜಾಗ ಬೇಕು, ಹಾಗಾಗಿ ಬಾನೆಟ್ ಎತ್ತರವಾಯಿತು. ಬಾನೆಟ್ ಏರಿದ ಮೇಲೆ ಕಿಟಕಿಯ ಕೆಳ ಅಂಚೂ ಜೊತೆಗೆ ಏರದಿದ್ದರೆ ಗಾಡಿ ಅಂದಗೆಡುತ್ತದೆ. ಮಗುಚಿದರೂ ಚಾವಣಿ ಕುಸಿಯದಂತೆ ಮುಂಗಾಜಿನ ಎರಡು ಬದಿಯ ಮುಂಗಂಬಗಳು ದಪ್ಪವಾದವು. ಇಷ್ಟನ್ನು ನಾನು ಒಪ್ಪುತ್ತೇನೆ. ಆದರೆ ಎಲ್‌ಇಡಿ ದೀಪಗಳು ಬಂದ ಮೇಲೆ ಹೆಡ್‌ಲೈಟನ್ನು ಸೀಳಿನಷ್ಟು ತೆಳ್ಳಗೆ ಮಾಡಬಹುದೆಂದು ತಿಳಿದ ಕೂಡಲೇ ಎಲ್ಲರೂ ಸೇರಿ ಅದನ್ನು ಸಿಟ್ಟಿನ ಕಣ್ಣಾಗಿಸಿದ್ದಕ್ಕೆ ಯಾವ ನಿಯಮದ ನೆಪವೂ ಇಲ್ಲ.

ಚಿಕ್ಕ ಕಾರನ್ನು ಸೌಮ್ಯವಾಗಿಯೂ ಜಾಣತನದಿಂದಲೂ ರೂಪಿಸಬಹುದೆಂದು ತೋರಿಸಿದವರು ಇಟಲಿಯ ಜಾರ್ಜೆಟ್ಟೊ ಜುಜಾರೊ. 1974ರ ಫೋಕ್ಸ್‌ವ್ಯಾಗನ್ ಗಾಲ್ಫ್ ಅವರದು, 1980ರ ಫಿಯೆಟ್ ಪಾಂಡಾ ಅವರದು. ಪಾಂಡಾದ ಗಾಜುಗಳೆಲ್ಲ ಚಪ್ಪಟೆ, ಏಕೆಂದರೆ ಬಾಗಿದ ಗಾಜಿಗಿಂತ ಅದು ಅಗ್ಗ. ಅಗ್ಗದ ಆ ಗಾಜಿನಿಂದಲೇ ಒಳಗೆ ಬೆಳಕು ತುಂಬಿತು. ನಮ್ಮ ರಸ್ತೆಗಳಲ್ಲಿ ತೊಂಬತ್ತರ ದಶಕದ ಕೊನೆಯಲ್ಲಿ ಕಾಣಿಸಿಕೊಂಡ ದುಂಡುಗಣ್ಣಿನ ಡೇವೂ ಮ್ಯಾಟಿಜ್ ನಿಮಗೆ ನೆನಪಿರಬಹುದು; ಅದು ಮೂಲತಃ ಜುಜಾರೊ ಫಿಯೆಟ್ಟಿಗಾಗಿ ರೂಪಿಸಿ, ಫಿಯೆಟ್ ಬೇಡವೆಂದ ಮೇಲೆ ಕೊರಿಯಾದ ಪಾಲಾದ ವಿನ್ಯಾಸ. ಅದೇ ಕಾಲದ ಟಾಟಾ ಇಂಡಿಕಾದ ರೂಪವೂ ಇಟಲಿಯ ಟ್ಯೂರಿನ್ ನಗರದ ಸ್ಟುಡಿಯೊ ಒಂದರ ನೆರವಿನಿಂದ ಮೂಡಿದ್ದು. ಇವೆಲ್ಲ ಇದ್ದರೂ, ಭಾರತದ ಕಾರುಗಳ ಆಕಾರವನ್ನು ಎಲ್ಲರಿಗಿಂತ ಹೆಚ್ಚು ತಿದ್ದಿದ ವಿನ್ಯಾಸಕ ಯಾರೆಂದರೆ ಮೇಲೆ ಹೇಳಿದ 4 ಮೀಟರಿನ ತೆರಿಗೆಯ ಗೆರೆಯೇ. ಮುಂದಿನಿಂದ ಉದ್ದ ಸೆಡಾನಿನಂತೆ ಹೊರಟು, ಹಿಂದಿನ ಬಾಗಿಲಾದ ಮೇಲೆ ಇದ್ದಕ್ಕಿದ್ದಂತೆ ನೆನಪಾದವರಂತೆ ಮೊಟಕಾಗುವ ಡಿಕ್ಕಿಗಳನ್ನು ಯಾವ ಕಲಾವಿದನೂ ಮನಸಾರೆ ಬರೆದಿರಲಾರ.

ನನ್ನ ಮಟ್ಟಿಗೆ ವಿನ್ಯಾಸದ ಮೊದಲ ಪರೀಕ್ಷೆ ಡ್ರೈವರನ ಸೀಟಿನಲ್ಲಿ ಕುಳಿತು ಆಗಬೇಕು. ಪದ್ಮಿನಿಯಲ್ಲಿ ಕುಳಿತರೆ ಕಿರುಬೆರಳಿನಂಥ ತೆಳುಗಂಬಗಳ ನಡುವೆ ಗಾಡಿಯ ನಾಲ್ಕೂ ಮೂಲೆಗಳ ಅಂದಾಜು ಸಿಗುತ್ತದೆ. ಈಗಿನ ಎತ್ತರದ ಗಾಡಿಗಳಲ್ಲಿ ಬಲಕ್ಕೆ ತಿರುಗುವಾಗ ಮುಂಗಂಬದ ಹಿಂದೆ ಒಂದು ಇಡೀ ಬೈಕು, ಸವಾರನ ಸಮೇತ, ಮಾಯವಾಗುವುದನ್ನು ನಾನು ಕಂಡಿದ್ದೇನೆ. ಶೋರೂಮಿನವರ ಬಳಿ ಒಂದು ಬಕೆಟ್ ಕೇಳಿ ಬಾನೆಟ್ಟಿನ ಮುಂದೆ ಇಡಿಸಿ. ಅದು ಕಾಣಲು ಎಷ್ಟು ಹೆಜ್ಜೆ ದೂರ ಸರಿಸಬೇಕಾಯಿತೆಂದು ಎಣಿಸಿದರೆ, ನಿಮ್ಮ ಮನೆಯಂಗಳದಲ್ಲಿ ಆಡುವ ಮೊಮ್ಮಕ್ಕಳ ಬಗ್ಗೆ ಆ ವಿನ್ಯಾಸಕ ಎಷ್ಟು ಯೋಚಿಸಿದ್ದನೆಂಬುದು ತಿಳಿಯುತ್ತದೆ.

ಪ್ರಶ್ನೆ: ನನ್ನ ಹ್ಯಾಚ್‌ಬ್ಯಾಕಿಗೆ ಹಿಂದೆ ದೊಡ್ಡ ರೆಕ್ಕೆ ಹಾಕಿಸಿ, 17 ಇಂಚಿನ ಅಲಾಯ್ ವೀಲ್ ಕೂರಿಸಬೇಕೆಂದಿದ್ದೇನೆ. ನಿಮ್ಮ ಅಭಿಪ್ರಾಯ?
— ಪಾಲಿಟೆಕ್ನಿಕ್ ವಿದ್ಯಾರ್ಥಿ, ತುಮಕೂರು

ಉತ್ತರ: ರೆಕ್ಕೆ ಒತ್ತುವ ಬಲ ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ, ಆದ್ದರಿಂದ ತುಮಕೂರಿನ ಪೇಟೆಯಲ್ಲಿ ಅದು ಬಟ್ಟೆ ಒಣಗಿಸಲು ಮಾತ್ರ ಉಪಯೋಗ. ಮೇಲಾಗಿ ನಿಮ್ಮ ಕಾರನ್ನು ಎಳೆಯುವುದು ಮುಂದಿನ ಚಕ್ರ, ರೆಕ್ಕೆ ಒತ್ತುವುದು ಹಿಂದಿನದನ್ನು. ಚಕ್ರದ ವಿಷಯದಲ್ಲಿ ನಾನೇ ಪೆಟ್ಟು ತಿಂದವನು: ಚಂದಕ್ಕೆಂದು ಎರಡಿಂಚು ದೊಡ್ಡ ರಿಮ್ ಹಾಕಿಸಿದ ಮೂರನೇ ವಾರ, ಟಯರಿನ ಬದಿಗೋಡೆ ತೆಳುವಾದದ್ದನ್ನು ಮರೆತು ಮಳೆನೀರು ತುಂಬಿದ ಗುಂಡಿಗೆ ಇಳಿಸಿ ರಿಮ್ಮನ್ನೇ ಸೀಳಿಕೊಂಡೆ. ಸ್ಪ್ರಿಂಗಿನ ಕೆಳಗೆ ಕೂರುವ ತೂಕ ಹೆಚ್ಚಿದಷ್ಟೂ ಚಕ್ರ ರಸ್ತೆಯ ಏರಿಳಿತವನ್ನು ಹಿಂಬಾಲಿಸುವುದು ಕಷ್ಟ. ಆ ಹಣದಲ್ಲಿ ಕಂಪನಿಯ ಅಳತೆಯ ನಾಲ್ಕು ಒಳ್ಳೆಯ ಟಯರ್ ಕೊಳ್ಳಿ.

ಪ್ರಶ್ನೆ: ನಮ್ಮ ತೋಟದ ರಸ್ತೆಗಳಲ್ಲಿ ರ‍್ಯಾಲಿ ನಡೆದಾಗ ನೋಡಿದ್ದೇನೆ. ಪಕ್ಕದಲ್ಲಿ ಕುಳಿತವನು ತಲೆಯೆತ್ತದೆ ಪುಸ್ತಕ ಓದುತ್ತಿರುತ್ತಾನಲ್ಲ, ಅದರಲ್ಲಿ ಏನಿರುತ್ತದೆ? ಟ್ರ್ಯಾಕಿನ ರೇಸ್, ರ‍್ಯಾಲಿ ಇವೆರಡರಲ್ಲಿ ನಿಮ್ಮ ಮತ ಯಾವುದಕ್ಕೆ?
— ಓದುಗ, ಚಿಕ್ಕಮಗಳೂರು

ಉತ್ತರ: ಕೇಳುವ ಮೊದಲೇ ನನ್ನ ಮತ ರ‍್ಯಾಲಿಗೆ. ಟ್ರ್ಯಾಕಿನಲ್ಲಿ ಓಡಿಸುವವನು ಅದೇ ಹದಿನೈದು ತಿರುವುಗಳನ್ನು ಐವತ್ತು ಸಲ ಸುತ್ತಿ ಬಾಯಿಪಾಠ ಮಾಡಿಕೊಳ್ಳುತ್ತಾನೆ. ರ‍್ಯಾಲಿಯವನು ಸ್ಪರ್ಧೆಗೆ ಮೊದಲು ಆ ದಾರಿಯಲ್ಲಿ ನಿಧಾನವಾಗಿ ಒಂದೆರಡು ಬಾರಿ ಹೋಗಿ ಟಿಪ್ಪಣಿ ಬರೆದುಕೊಳ್ಳುತ್ತಾನೆ, ಪಕ್ಕದವನು ಓದುವುದು ಅದನ್ನೇ. 'ಎಡ 4, 60, ಬಲ 2, ಮುಂದೆ ಮುಚ್ಚುತ್ತದೆ, ಒಳಗೆ ಕಡಿಯಬೇಡ, ಕಲ್ಲು' ಎಂಬುದು ಅದರ ಧಾಟಿ. ಅಂಕಿ ತಿರುವಿನ ತೀವ್ರತೆ. ಸಾಮಾನ್ಯವಾಗಿ ಅಂಕಿ ಚಿಕ್ಕದಾದಷ್ಟೂ ತಿರುವು ಬಿಗಿ. 60 ಎಂಬುದು ಮುಂದಿನ ತಿರುವಿಗೆ ಇರುವ ಮೀಟರು. 'ಮುಚ್ಚುತ್ತದೆ' ಎಂದರೆ ತಿರುವು ಹೋಗುತ್ತಾ ಬಿಗಿಯಾಗುತ್ತದೆ, 'ಕಡಿಯಬೇಡ' ಎಂದರೆ ಒಳಅಂಚಿಗೆ ತಾಗಿಸಿ ಹೋಗಬೇಡ. ಪಕ್ಕದಲ್ಲಿ ಕುಳಿತ ಆ ನ್ಯಾವಿಗೇಟರ್ ಒಂದೋ ಎರಡೋ ತಿರುವಿನಷ್ಟು ಮುಂದೆ ಓದುತ್ತಿರಬೇಕು. ಬೇಗ ಓದಿದರೆ ಓಡಿಸುವವನು ಮರೆಯುತ್ತಾನೆ, ತಡವಾದರೆ ಕಾಫಿ ಗಿಡಗಳ ನಡುವೆ ಇಳಿಯುತ್ತಾನೆ. ತಲೆಯೆತ್ತದೆ ಕುಳಿತವನಿಗೆ ತಾವು ಎಲ್ಲಿದ್ದೇವೆಂಬುದು ತಿಳಿಯುವುದು ಸೀಟಿನಿಂದ, ಗಾಡಿ ಯಾವ ಕಡೆ ವಾಲಿತೆಂಬ ಅಂದಾಜಿನಿಂದ.

ನಿಮ್ಮ ಜಿಲ್ಲೆಯ ತೋಟಗಳ ರಸ್ತೆಯಲ್ಲಿ ಏಷ್ಯಾ ಪೆಸಿಫಿಕ್ ರ‍್ಯಾಲಿ ಚಾಂಪಿಯನ್‌ಷಿಪ್ಪಿನ ಭಾರತದ ಸುತ್ತು ನಡೆದಿದೆ. ಆ ಚಾಂಪಿಯನ್‌ಷಿಪ್ಪನ್ನು 2013, 2016 ಮತ್ತು 2017ರಲ್ಲಿ ಗೆದ್ದ ಗೌರವ್ ಗಿಲ್ 2019ರಲ್ಲಿ ಅರ್ಜುನ ಪ್ರಶಸ್ತಿ ಪಡೆದರು, ಮೋಟಾರು ಕ್ರೀಡೆಯಿಂದ ಅದನ್ನು ಪಡೆದವರಲ್ಲಿ ಮೊದಲಿಗರು. ಬೈಕಿನ ಕಡೆಗೆ ನೋಡಿದರೆ, 2015ರಲ್ಲಿ ಡಕಾರ್ ರ‍್ಯಾಲಿಯನ್ನು ಮುಗಿಸಿದ ಮೊದಲ ಭಾರತೀಯ ಬೆಂಗಳೂರಿನ ಸಿ.ಎಸ್. ಸಂತೋಷ್. ಕ್ರಿಕೆಟಿನ ಮೂರನೇ ದರ್ಜೆಯ ಪಂದ್ಯಕ್ಕೆ ಸಿಗುವಷ್ಟು ಜಾಗವೂ ಇವರಿಗೆ ನಮ್ಮ ಪತ್ರಿಕೆಗಳಲ್ಲಿ ಸಿಗಲಿಲ್ಲವೆಂಬುದು ನನ್ನ ಹಳೆಯ ಕೊರಗು.

ರ‍್ಯಾಲಿಯನ್ನು ಹತ್ತಿರದಿಂದ ನೋಡಿದರೆ ತೂಕದ ಆಟ ಅರ್ಥವಾಗುತ್ತದೆ. ಮಣ್ಣಿನ ತಿರುವಿಗೆ ಬರುವ ಮೊದಲೇ ಬ್ರೇಕ್ ಒತ್ತಿದಾಗ ಗಾಡಿಯ ತೂಕ ಮುಂದಿನ ಚಕ್ರಗಳ ಮೇಲೆ ಬೀಳುತ್ತದೆ, ಹಿಂಭಾಗ ಹಗುರಾಗಿ ಹೊರಕ್ಕೆ ಜಾರಲು ಹವಣಿಸುತ್ತದೆ. ಪಳಗಿದವನು ಆ ಜಾರುವಿಕೆಯಿಂದಲೇ ಗಾಡಿಯ ಮೂತಿಯನ್ನು ತಿರುವಿನಾಚೆಗೆ ಮುಖಮಾಡಿಸಿ, ಸ್ಟಿಯರಿಂಗನ್ನು ಎದುರು ದಿಕ್ಕಿಗೆ ಹಿಡಿದು, ಚಕ್ರಗಳು ಮಣ್ಣು ಕೆರೆಯುವಷ್ಟು ಆಕ್ಸಿಲರೇಟರ್ ಕೊಟ್ಟು ಹೊರಡುತ್ತಾನೆ. 1980ರಲ್ಲಿ ಆಡಿ ಕಂಪನಿ ಕ್ವಾಟ್ರೊ ಕಾರಿನಲ್ಲಿ ನಾಲ್ಕೂ ಚಕ್ರಕ್ಕೆ ಶಕ್ತಿ ಕೊಟ್ಟಾಗ, ಅಷ್ಟು ತೂಕ ರ‍್ಯಾಲಿಗೆ ಹೊರೆಯೆಂದು ನಕ್ಕವರಿದ್ದರು; ಕೆಲವೇ ವರ್ಷಗಳಲ್ಲಿ ಎರಡೇ ಚಕ್ರಕ್ಕೆ ಶಕ್ತಿ ಕೊಡುವ ಕಾರುಗಳು ಗೆಲ್ಲುವುದೇ ಅಪರೂಪವಾಯಿತು. ಆಮೇಲೆ ಬಂದ ಗ್ರೂಪ್ ಬಿ ವರ್ಗದ ಗಾಡಿಗಳು ಹಗುರ ದೇಹಕ್ಕೆ ಮಿತಿಯಿಲ್ಲದ ಶಕ್ತಿ ತುಂಬಿಕೊಂಡು ಓಡಿದವು. 1986ರಲ್ಲಿ ಪೋರ್ಚುಗಲ್‌ನಲ್ಲಿ ಪ್ರೇಕ್ಷಕರು ಸತ್ತರು, ಕಾರ್ಸಿಕಾದಲ್ಲಿ ಫಿನ್ಲೆಂಡಿನ ಹೆನ್ರಿ ಟೊಯ್ವೊನೆನ್ ಮತ್ತು ಅವರ ಜೊತೆಗಾರ ಸತ್ತರು. ಆ ವರ್ಷಕ್ಕೇ ಆ ವರ್ಗವನ್ನು ಮುಚ್ಚಲಾಯಿತು. ಆದ್ದರಿಂದ ಮುಂದಿನ ಸಲ ನಿಮ್ಮ ತೋಟದ ಬೇಲಿಯ ಬಳಿ ನಿಲ್ಲುವಾಗ ತಿರುವಿನ ಹೊರಬದಿಯಲ್ಲಿ ಮಾತ್ರ ನಿಲ್ಲಬೇಡಿ. ಜಾರಿದ ಗಾಡಿ ಬರುವುದು ಅಲ್ಲಿಗೇ.

ಪ್ರಶ್ನೆ: ಹಿಂದೆ ಫಾರ್ಮುಲಾ 1 ಕಾರುಗಳ ಕೂಗು ಕೇಳಿದರೆ ಮೈ ಜುಮ್ಮೆನ್ನುತ್ತಿತ್ತು. ಈಗ ಆ ಧ್ವನಿ ಏಕಿಲ್ಲ?
— ಸಂಗೀತ ಶಿಕ್ಷಕ, ಮೈಸೂರು

ಉತ್ತರ: ನಿಮ್ಮ ಕಿವಿಗೆ ಲೆಕ್ಕವೇ ಸಾಕ್ಷಿ. 2005ರವರೆಗೆ ಇದ್ದ 3 ಲೀಟರಿನ, ಹತ್ತು ಸಿಲಿಂಡರಿನ ವಿ10 ಎಂಜಿನ್ ನಿಮಿಷಕ್ಕೆ 18,000 ಸುತ್ತು ತಿರುಗಿದರೆ ಸೆಕೆಂಡಿಗೆ 300 ಸುತ್ತಾಯಿತು. ಒಂದು ಸುತ್ತಿನಲ್ಲಿ ಐದು ಸಿಲಿಂಡರ್ ಉರಿದರೆ ಸೆಕೆಂಡಿಗೆ 1,500 ಸ್ಫೋಟ. 2014ರಲ್ಲಿ ಬಂದ 1.6 ಲೀಟರಿನ, ಆರು ಸಿಲಿಂಡರಿನ ಟರ್ಬೊ ವಿ6 ಸುಮಾರು 12,000 ಸುತ್ತಿನಲ್ಲಿ ಓಡುವಾಗ ಅದೇ ಲೆಕ್ಕ ಸೆಕೆಂಡಿಗೆ 600 ಆಗುತ್ತದೆ. ಅಂದರೆ ಶ್ರುತಿ ಒಂದು ಪೂರ್ತಿ ಸ್ಥಾಯಿ ಇಳಿದು, ಮತ್ತೆ ಷಡ್ಜಕ್ಕೂ ಅಂತರ ಗಾಂಧಾರಕ್ಕೂ ಇರುವಷ್ಟು ಕೆಳಗೆ ಹೋಯಿತು. ಸಾಲದ್ದಕ್ಕೆ ಹೊರಹೋಗುವ ಹೊಗೆಯ ರಭಸವನ್ನು ಟರ್ಬೊ ನುಂಗುತ್ತದೆ. ಆ ಕೂಗೆಂದರೆ ಕೆಲಸಕ್ಕೆ ಬಾರದೆ ಹೊರಗೆ ಚೆಲ್ಲಿಹೋದ ಶಕ್ತಿಯಲ್ಲವೇ? ಈ ವಿ6 ಎಂಜಿನ್ನುಗಳಲ್ಲಿ ಇಂಧನದ ಅರ್ಧದಷ್ಟು ಶಕ್ತಿ ಕೆಲಸಕ್ಕೆ ಸಲ್ಲುವ ಮಟ್ಟ ಮುಟ್ಟಿದ್ದು ಎಂಜಿನಿಯರಿಂಗಿನ ದೊಡ್ಡ ಸಾಧನೆ. 2026ರ ನಿಯಮದಲ್ಲಿ ವಿದ್ಯುತ್ ಮೋಟಾರಿನ ಪಾಲು 120 ಕಿಲೊವ್ಯಾಟಿನಿಂದ 350ಕ್ಕೆ ಏರಿದೆ. ಬುದ್ಧಿ ಇದನ್ನು ಮೆಚ್ಚುತ್ತದೆ. ಕಿವಿ ಮಾತ್ರ ಹಳೆಯ ವಿ10 ಕೇಳಿದಾಗಲೆಲ್ಲ ಬುದ್ಧಿಯ ಮಾತು ಕೇಳುವುದಿಲ್ಲ.

ಪ್ರಶ್ನೆ: ವಿದ್ಯುತ್ ಕಾರುಗಳ ಬಗ್ಗೆ ನೀವು ಬರೆಯುವುದೇ ಇಲ್ಲ. ಎಂಜಿನ್ ಹುಚ್ಚಿನವರಿಗೆ ಅವುಗಳ ಮೇಲೆ ಅಸಮಾಧಾನವೇ? ಶಿವಮೊಗ್ಗ, ಉಡುಪಿ ನಡುವೆ ವಾರಕ್ಕೊಮ್ಮೆ ಓಡಾಡುವ ನಾನು ಒಂದನ್ನು ಕೊಂಡಿದ್ದೇನೆ.
— ವೈದ್ಯೆ, ಶಿವಮೊಗ್ಗ

ಉತ್ತರ: ಅಸಮಾಧಾನವಿಲ್ಲ. 2001ರಲ್ಲಿ ಚೇತನ್ ಮೈನಿ ಅವರ ರೇವಾ ಬೆಂಗಳೂರಿನಿಂದ ಹೊರಟಾಗ, ಇಬ್ಬರು ದೊಡ್ಡವರೂ ಇಬ್ಬರು ಸಣ್ಣ ಮಕ್ಕಳೂ ಹಿಡಿಸುವ ಆ ಪುಟ್ಟ ಗಾಡಿಯನ್ನು ಆಟಿಕೆಯೆಂದವರೇ ಹೆಚ್ಚು. ಅದೇ ಆಟಿಕೆ ಜಿ-ವಿಜ್ ಎಂಬ ಹೆಸರಿನಲ್ಲಿ, ದಟ್ಟಣೆ ಶುಲ್ಕದ ವಿನಾಯಿತಿ ಪಡೆದು, ಲಂಡನ್ನಿನ ಬೀದಿಗಳಲ್ಲಿ ಓಡಾಡಿತು. ಈಗಿನ ವಿದ್ಯುತ್ ಕಾರುಗಳ ಮೇಲೆ ನನಗಿರುವ ತಕರಾರು ತೂಕದ್ದು ಮಾತ್ರ: 650 ಕೆ.ಜಿ.ಯ ಆಸುಪಾಸಿನ ಮಾರುತಿ 800ರಲ್ಲಿ ನಾಲ್ವರು ಹೋಗುತ್ತಿದ್ದ ದಾರಿಯಲ್ಲಿ, ಒಬ್ಬರೇ ಕುಳಿತು ಒಂದೂವರೆ ಟನ್ನಿಗೂ ಮಿಕ್ಕಿದ ಬ್ಯಾಟರಿ ಗಾಡಿಯನ್ನು ಓಡಿಸುವುದು ನನಗೆ ಒಗ್ಗುವುದಿಲ್ಲ.

ಆದರೆ ನಿಮ್ಮ ದಾರಿಯಲ್ಲಿ ಆಗುಂಬೆ ಇರುವುದರಿಂದ ಆ ತೂಕವೇ ನಿಮಗೆ ಸ್ವಲ್ಪ ಹಿಂದಿರುಗಿಸುತ್ತದೆ. 1,600 ಕೆ.ಜಿ.ಯ ಗಾಡಿ ನೇರ ಎತ್ತರದಲ್ಲಿ 500 ಮೀಟರ್ ಇಳಿದರೆ ಎರಡು ಯೂನಿಟ್ಟಿಗೂ ಮಿಕ್ಕ ಶಕ್ತಿ ಬಿಡುಗಡೆಯಾಗುತ್ತದೆ. ಪೆಟ್ರೋಲ್ ಕಾರು ಅದನ್ನೆಲ್ಲ ಬ್ರೇಕ್ ಪ್ಯಾಡಿನ ಬಿಸಿಯಾಗಿ ಕಳೆದುಕೊಂಡರೆ, ನಿಮ್ಮ ಮೋಟಾರು ಜನರೇಟರಾಗಿ ಒಳ್ಳೆಯ ಪಾಲನ್ನು ಬ್ಯಾಟರಿಗೆ ತುಂಬುತ್ತದೆ. ಒಂದೇ ಎಚ್ಚರಿಕೆ: ತುಂಬಿದ ಬ್ಯಾಟರಿಗೆ ಹಾಗೆ ತುಂಬಲು ಜಾಗವಿರುವುದಿಲ್ಲ, ಆಗ ಮೋಟಾರು ಹಿಡಿದು ನಿಲ್ಲಿಸುವುದೂ ಕಡಿಮೆಯಾಗಿ ಇಡೀ ಭಾರ ಮಾಮೂಲಿ ಬ್ರೇಕಿನ ಮೇಲೆ ಬೀಳುತ್ತದೆ. ತೀರ್ಥಹಳ್ಳಿಯಲ್ಲಿ ಚಾರ್ಜ್ ಮಾಡುವುದಾದರೆ ಶೇ. 85ಕ್ಕೇ ಪ್ಲಗ್ ತೆಗೆದು ಹೊರಡಿ.